ಟೀಕಾ ತಟ್ಟೆ ಮರಳಿದ ಮೇಲೆ

ಈ ವಾರದ ಪತ್ರ ನೇಪಾಳದ ಪಾಲ್ಪಾ ಜಿಲ್ಲೆಯ ತಾನ್ಸೇನ್‌ನಿಂದ ಬಂದಿದೆ. ಬರೆದವರು ಧಾರವಾಡದ ಕ್ರೈಸ್ತ ಮನೆತನದ ಹೆಣ್ಣುಮಗಳು. ಮಿಷನರಿಯಾದ ಪತಿಯೊಂದಿಗೆ ಕಳೆದ ವರ್ಷದಿಂದ ಅಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ದಶೈಂ ಹಬ್ಬದ ವಿಜಯದಶಮಿಯಂದು, ಇವರು ಆಮಾ ಎಂದು ಕರೆಯುವ ಮನೆಯೊಡತಿ ಅಕ್ಕಿ, ಮೊಸರು, ಕುಂಕುಮ ಕಲಸಿ ಹಣೆಗಿಡುವ ಟೀಕಾ ಮತ್ತು ಹಬ್ಬಕ್ಕೆಂದು ಮೊಳೆಯಿಸಿದ, ಜಮರಾ ಎನ್ನುವ ಹಳದಿ ಸಸಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮೇಲಿನ ಮನೆಗೆ ಬಂದರು. ಪತಿ ಹೊಸ್ತಿಲಲ್ಲೇ ನಿಂತು, ನಾವು ಕ್ರೈಸ್ತರು, ಇದು ನಮಗೆ ಆಗದು ಎಂದು ಹೇಳಿ ಕಳಿಸಿದರು. ಅಂದಿನಿಂದ ಆಮಾ ‘ಖಾನಾ ಖಾನುಭಯೋ?’ ಎಂದು ಊಟ ವಿಚಾರಿಸುವುದನ್ನೂ ನಿಲ್ಲಿಸಿದ್ದಾರೆ. ಪತಿ ಬೇರೆ ಮನೆ ನೋಡುತ್ತಿದ್ದಾರೆ. ಟೀಕಾ ಇಡಿಸಿಕೊಂಡಿದ್ದರೆ ತಪ್ಪಾಗುತ್ತಿತ್ತೇ ಎಂಬುದು ಪತ್ರದ ಪ್ರಶ್ನೆ.

ಸಹೋದರಿ, ಟೀಕಾ ಇಡಿಸಿಕೊಳ್ಳದಿರುವುದು ನಿಮ್ಮ ವಿಶ್ವಾಸಕ್ಕೆ ಬಿಟ್ಟದ್ದು. ನೇಪಾಳದ ಕ್ರೈಸ್ತರಲ್ಲಿ ಬಹಳ ಮಂದಿ ಇಡಿಸಿಕೊಳ್ಳುವುದಿಲ್ಲ, ಅವರ ನೆರೆಹೊರೆಯವರಿಗೂ ಅದು ಹೊಸ ಸಂಗತಿಯಲ್ಲ. ಆದರೆ ಆ ಹಬ್ಬದಲ್ಲಿ ಕಿರಿಯರು ಹಿರಿಯರಿದ್ದಲ್ಲಿಗೆ ಹೋಗಿ ಆಶೀರ್ವಾದ ಪಡೆಯುವುದು ರೂಢಿ. ಇಲ್ಲಿ ಹಿರಿಯರೇ ಮೆಟ್ಟಿಲು ಹತ್ತಿ ಬಂದರು, ಬಂದವರಿಗೆ ಕುಳಿತುಕೊಳ್ಳಿ ಎಂದವರಿಲ್ಲ. ದಸರೆಯ ದಿನ ಬನ್ನಿ ಕೊಡಲು ಬಂದ ಓಣಿಯ ಹಿರಿಯರನ್ನು ಧಾರವಾಡದಲ್ಲಿ ನಿಮ್ಮ ತಾಯಿ ಹಾಗೆ ಬಾಗಿಲಿಂದಲೇ ಕಳಿಸುತ್ತಿದ್ದರೇ?

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ನೀವು ಎರಡನೆಯ ಪುಟದಲ್ಲಿ ಆವರಣದೊಳಗೆ ಬರೆದ ಮಾತು: ‘ನೇಪಾಳಿ ಕಲಿಸುವ ಮೇಷ್ಟ್ರು ದಿನಾ ಬೆಳಿಗ್ಗೆ ಮನೆಗೇ ಬರುತ್ತಾರೆ, ಅವರಿಗೆ ಚಹಾ ಕೊಟ್ಟು ನಾನು ಒಳಗೆ ಹೋಗುತ್ತೇನೆ’. ಪಾಠದ ಶುಲ್ಕ ನಿಮ್ಮ ಮಿಷನ್‌ನಿಂದ ಪತಿಯೊಬ್ಬರಿಗಷ್ಟೇ ಮಂಜೂರಾಗಿದೆಯಂತೆ. ಹಬ್ಬದ ದಿನ ಪತಿ ಹೊಸ್ತಿಲಲ್ಲಿ ಮಾತನಾಡುತ್ತಿದ್ದಾಗಲೂ ನೀವು ಒಳಗೇ ಇದ್ದಿರಿ, ಏಕೆಂದರೆ ಹೊರಗೆ ಬಂದರೂ ಹೇಳಲು ನಿಮ್ಮ ಬಳಿ ಮಾತಿರಲಿಲ್ಲ. ದಂಪತಿಗಳಲ್ಲಿ ಒಬ್ಬರಿಗೆ ಮಾತು, ಇನ್ನೊಬ್ಬರಿಗೆ ಅಡುಗೆಮನೆ ಎಂಬ ಏರ್ಪಾಡನ್ನು ಈ ಅಂಕಣ ಎಷ್ಟು ಸಲ ಬೈದಿದೆಯೋ ಲೆಕ್ಕವಿಲ್ಲ, ಇನ್ನೊಮ್ಮೆ ಬೈಯಲು ಬೇಸರವೂ ಇಲ್ಲ. ನೇಪಾಳದಲ್ಲಿ 1954ರಲ್ಲಿ ಸಂಯುಕ್ತ ಮಿಷನ್ ಆರಂಭವಾದಾಗ ಮುಂದೆ ನಿಂತವರಲ್ಲಿ ಫ್ಲೆಮಿಂಗ್ ದಂಪತಿಗಳಿದ್ದರು. ಪತಿ ರಾಬರ್ಟ್ ಹಕ್ಕಿಗಳ ಅಧ್ಯಯನಕಾರರು, ರೋಗಿಗಳನ್ನು ನೋಡುತ್ತಿದ್ದ ವೈದ್ಯೆ ಪತ್ನಿ ಬೆಥೆಲ್. ಒಬ್ಬರಿಗಷ್ಟೇ ಶುಲ್ಕ ಮಂಜೂರು ಮಾಡಿದ ನಿಮ್ಮ ಕಾರ್ಯದರ್ಶಿಗಳಿಗೆ ಇದನ್ನು ಯಾರಾದರೂ ತಿಳಿಸಬೇಕು.

ನಿಮ್ಮ ಪತಿಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಮತಾಂತರ ಮಾಡಿಸುವವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಕಾನೂನು 2018ರಿಂದ ಜಾರಿಯಲ್ಲಿರುವ ದೇಶದಲ್ಲಿ, ನೆರೆಯವರ ಮುನಿಸು ಎಲ್ಲಿಗೆ ಮುಟ್ಟೀತೋ ಎಂದು ಅವರು ಹೆದರಿರಬಹುದು. ಹೆದರಿದವರು ಅವಸರದಲ್ಲಿ ಒರಟಾಗುತ್ತಾರೆ. ನನ್ನ ಸಿಟ್ಟೆಲ್ಲ ಆ ಮೇಷ್ಟ್ರ ಮೇಲೆ. ವರ್ಷದುದ್ದಕ್ಕೂ ನಿಮ್ಮ ಕೈಯ ಚಹಾ ಕುಡಿದ ಮನುಷ್ಯ ಒಂದು ದಿನವಾದರೂ ‘ನೀವೂ ಕೂತುಕೊಳ್ಳಿ’ ಎನ್ನಬಾರದಿತ್ತೇ? ಶನಿವಾರದ ಆರಾಧನೆಯಲ್ಲಿ ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತು, ಪಕ್ಕದವರು ತುಟಿ ಅಲ್ಲಾಡಿಸಿದಂತೆ ನೀವೂ ಅಲ್ಲಾಡಿಸುವುದಾಗಿ ಬರೆದಿದ್ದೀರಿ. ಅದನ್ನು ನೀವು ತಮಾಷೆಯಾಗಿ ಬರೆದಿರಿ, ನನಗೆ ನಗು ಬರಲಿಲ್ಲ.

ಆದ್ದರಿಂದ ಮಾಡಬೇಕಾದದ್ದು ಒಂದೇ. ನಾಳೆ ಬೆಳಿಗ್ಗೆ ಮೇಷ್ಟ್ರು ಬಂದಾಗ ಇನ್ನೊಂದು ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಚಹಾವನ್ನು ನಿಮ್ಮ ಪತಿ ಮಾಡಲಿ, ಶುಲ್ಕದ ಮಾತನ್ನು ಕಾರ್ಯದರ್ಶಿಗಳ ಜೊತೆ ಅವರೇ ಆಡಲಿ. ಮೊದಲ ಪಾಠದಲ್ಲಿ ವ್ಯಾಕರಣ ಬೇಡ. ‘ಆಮಾ, ಆ ದಿನ ನಿಮ್ಮನ್ನು ಒಳಗೆ ಕರೆಯಲಿಲ್ಲ, ನನಗೆ ಬೇಸರವಾಗಿದೆ, ಸೆಲ್ ರೋಟಿ ಮಾಡುವುದನ್ನು ಹೇಳಿಕೊಡುತ್ತೀರಾ?’ ಎನ್ನುವಷ್ಟನ್ನು ಕಲಿತು, ಅಲ್ಲಿನ ದೀಪಾವಳಿಯಾದ ತಿಹಾರ್ ಬರುವ ಮುನ್ನ ಕೆಳಗಿಳಿದು ಹೋಗಿ, ನೀವೊಬ್ಬರೇ. ನೆನೆಸಿದ ಅಕ್ಕಿಯ ಹಿಟ್ಟನ್ನು ಕಾದ ಎಣ್ಣೆಗೆ ಬಳೆಯಾಕಾರದಲ್ಲಿ ಬಿಡುವುದು ಮೊದಲ ಸಲಕ್ಕೆ ಯಾರಿಗೂ ಬರುವುದಿಲ್ಲ, ಆಮಾ ಗದರಿಸಿದರೆ ಗದರಿಸಲಿ. ಮನೆ ಹುಡುಕುವುದನ್ನು ಅಲ್ಲಿಯವರೆಗೆ ನಿಲ್ಲಿಸಲು ಪತಿಗೆ ಹೇಳಿ, ಈ ಉತ್ತರವನ್ನು ಅವರಿಗೂ ಓದಲು ಕೊಡಿ.