ಓದುಗರೊಂದಿಗೆ: ರಷ್ಯನ್ ಕತೆಯೂ ಕನ್ನಡದ ‘ನೀವು’ವೂ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಟಾಲ್‌ಸ್ಟಾಯ್, ಚೆಕಾಫ್ ಇಬ್ಬರನ್ನೂ ಕನ್ನಡದಲ್ಲಿಯೇ ಓದಿ ಮೆಚ್ಚಿದವನು. ರಷ್ಯನ್ನಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಬಂದದ್ದನ್ನು ಓದುವುದು ಒಂದೇ ಪುಡಿಯಲ್ಲಿ ಎರಡನೆಯ ಸಲ ಕುದಿಸಿದ ಚಹಾ ಕುಡಿದಂತೆ ಎಂದು ಮಗ ನಗುತ್ತಾನೆ. ಇಂಗ್ಲಿಷಿನಲ್ಲಿ ಓದುವುದೇ ಮೇಲೇನು? (ಸೇಡಂನಿಂದ)

ಉತ್ತರ: ನಿಮ್ಮ ಮಗ ಕುಡಿಯುತ್ತಿರುವುದೂ ಮೂಲದ ಚಹಾ ಅಲ್ಲ ಎಂಬುದನ್ನು ಮೊದಲು ಅವರಿಗೆ ತಿಳಿಸಿರಿ. ಇಂಗ್ಲಿಷ್ ಓದುಗರ ಹಲವು ತಲೆಮಾರುಗಳು ರಷ್ಯನ್ನರನ್ನು ಬಲ್ಲದ್ದು ಕಾನ್‌ಸ್ಟನ್ಸ್ ಗಾರ್ನೆಟ್ ಎಂಬ ಒಬ್ಬ ಮಹಿಳೆಯ ಮೂಲಕ. ಸುಮಾರು 70 ಸಂಪುಟಗಳನ್ನು ಅನುವಾದಿಸಿದ ಆಕೆಯ ದುಡಿಮೆಗೆ ಕೈಮುಗಿಯಬೇಕು. ಆದರೆ ಅವರ ಕೈಯಲ್ಲಿ ಟಾಲ್‌ಸ್ಟಾಯ್ ಮತ್ತು ದಾಸ್ತೊಯೆವ್‌ಸ್ಕಿ ಇಬ್ಬರ ದನಿಯೂ ಒಂದೇ ಆಗಿಬಿಟ್ಟಿತೆಂದು ರಷ್ಯನ್ ಕವಿ ಜೋಸೆಫ್ ಬ್ರಾಡ್‌ಸ್ಕಿ ದೂರಿದ್ದರು.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ಕಳೆದುಹೋಗುವ ಕೆಲವು ಸಂಗತಿಗಳಿಗೆ ಕನ್ನಡದಲ್ಲಿ ಹುಟ್ಟಿನಿಂದಲೇ ಜಾಗವಿದೆ. ಯಾಲ್ಟಾ ಪಟ್ಟಣದಲ್ಲಿ ನಾಯಿಯೊಂದಿಗೆ ತಿರುಗಾಡುವ ಹೆಂಗಸನ್ನು ಕುರಿತ ಚೆಕಾಫರ 1899ರ ಕತೆಯನ್ನು ನೀವು ಓದಿರಬಹುದು. ಗುರೊವ್ ಎಂಬಾತ ಮತ್ತು ಆ ಹೆಂಗಸು ಆನ್ನಾ ಮೊದಲ ಬಾರಿ ಕೂಡಿದ ಮೇಲೆ, ನನ್ನ ಮೇಲಿನ ಗೌರವ ಮೊದಲು ಹೋಗುವುದು ನಿಮ್ಮಲ್ಲಿಯೇ ಎಂದು ಆಕೆ ಹೇಳುತ್ತಾಳೆ. ಆತ ಮೇಜಿನ ಮೇಲಿದ್ದ ಕಲ್ಲಂಗಡಿಯ ಒಂದು ಹೋಳು ಕತ್ತರಿಸಿಕೊಂಡು ಸಾವಕಾಶವಾಗಿ ತಿನ್ನುತ್ತಾನೆ. ಕಡಿಮೆಯೆಂದರೂ ಅರ್ಧ ಗಂಟೆ ಮಾತಿಲ್ಲದೆ ಕಳೆಯುತ್ತದೆ. ಆಮೇಲೆ, ನಿನ್ನ ಮೇಲಿನ ಗೌರವ ನನಗೇಕೆ ಹೋದೀತು, ಏನು ಹೇಳುತ್ತಿರುವೆಯೆಂದು ನಿನಗೇ ಗೊತ್ತಿಲ್ಲ ಎನ್ನುತ್ತಾನೆ. ಮೂಲದಲ್ಲಿ ಆಕೆಯದು ‘ನೀವು’, ಆತನದು ‘ನೀನು’. ಆತ ಆಗಲೇ ಸಲಿಗೆಯ ಈ ದಡಕ್ಕೆ ಬಂದು ಕುಳಿತಿದ್ದಾನೆ, ಆಕೆ ಇನ್ನೂ ಆಚೆಯ ದಡದಲ್ಲಿಯೇ ನಿಂತಿದ್ದಾಳೆ. ಕತೆಯ ನೋವೆಲ್ಲ ಈ ಎರಡು ಸರ್ವನಾಮಗಳ ನಡುವಿನ ಅಂತರದಲ್ಲಿದೆ. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ಪದವಾದ್ದರಿಂದ, ಅದನ್ನಷ್ಟೇ ಮುಂದಿಟ್ಟುಕೊಂಡ ಕನ್ನಡದ ಅನುವಾದಕರು ಇಲ್ಲಿ ಊಹಿಸಿಯೇ ಬರೆಯಬೇಕಾಗುತ್ತದೆ. ಊಹೆ ತಪ್ಪಿದರೆ ನಿಮ್ಮ ಮಗನ ಹಾಸ್ಯಕ್ಕೆ ಗುರಿಯಾಗುವುದು ನ್ಯಾಯವೇ. ರಷ್ಯನ್ ಬಲ್ಲವರನ್ನು ಕೇಳಿ ಸರಿಯಾಗಿ ಬರೆದರೆ ಕನ್ನಡದ ಪ್ರತಿ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ ನಿಲ್ಲುತ್ತದೆ.

ಅಂದಹಾಗೆ, ನಿಮ್ಮ ತಾಲ್ಲೂಕಿನ ಮಳಖೇಡವೇ ಹಿಂದಿನ ರಾಷ್ಟ್ರಕೂಟರ ಮಾನ್ಯಖೇಟ. ಆ ರಾಜಧಾನಿಯ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ರೂಪುಗೊಂಡ ‘ಕವಿರಾಜಮಾರ್ಗ’ವು ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿಯೂ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥವೆಂಬ ಗೌರವವನ್ನು ಕಳೆದುಕೊಂಡಿಲ್ಲ. ಇದನ್ನೂ ಮಗನಿಗೆ ಹೇಳಬಹುದು.

ಪ್ರಶ್ನೆ: ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಮೂರು ಸಲ ಹಿಡಿದು, ಮೂರು ಸಲವೂ ನೂರು ಪುಟದೊಳಗೆ ಬಿಟ್ಟಿದ್ದೇನೆ. ಒಬ್ಬನಿಗೇ ನಾಲ್ಕು ಹೆಸರು, ಜೊತೆಗೆ ಫ್ರೆಂಚ್ ಮಾತುಗಳು. ಏನು ಮಾಡಲಿ? (ಬೀದರ್‌ನಿಂದ)

ಉತ್ತರ: ಹೆಸರುಗಳಿಗೆ ನಮ್ಮ ಭಾಗದವರು ಹೆದರಬೇಕಾಗಿಲ್ಲ. ನಿಮ್ಮ ಹೊಲದ ಪಹಣಿಯನ್ನು ತೆಗೆದು ನೋಡಿರಿ: ‘ಶರಣಪ್ಪ ತಂದೆ ಬಸಣ್ಣ’, ಅದರ ಹಿಂದೆ ಒಂದು ಅಡ್ಡಹೆಸರು. ರಷ್ಯನ್ನರ ಪದ್ಧತಿಯೂ ಅಷ್ಟೆ. ನತಾಲ್ಯಾ ಇಲ್ಯೀನಿಚ್ನಾ ರಸ್ತೋವಾ ಎಂದರೆ ಇಲ್ಯಾನ ಮಗಳು, ರಸ್ತೋವ್ ಮನೆತನದ ನತಾಲ್ಯಾ, ಮನೆಯಲ್ಲಿ ನತಾಶಾ. ಶರಣಪ್ಪನನ್ನು ಅವನ ಅವ್ವ ‘ಶರಣು’ ಎಂದು ಕರೆದಾಗ ನಾವು ಗೊಂದಲಪಡುವುದಿಲ್ಲವಲ್ಲ. ಸ್ವಂತ ಹೆಸರಿಗೆ ತಂದೆಯ ಹೆಸರು ಸೇರಿಸಿ ಕರೆದರೆ ಮರ್ಯಾದೆ, ಮುದ್ದಿನ ಹೆಸರು ಹಿಡಿದು ಕರೆದರೆ ಸಲಿಗೆ ಎಂದು ನೆನಪಿಟ್ಟುಕೊಂಡರೆ ಯಾರು ಯಾರಿಗೆ ಎಷ್ಟು ಹತ್ತಿರ ಎಂಬುದು ತಾನಾಗಿ ತಿಳಿಯುತ್ತದೆ.

ಫ್ರೆಂಚ್ ಮಾತುಗಳು ಅಲಂಕಾರಕ್ಕೆ ಬಂದವಲ್ಲ. ಕಾದಂಬರಿ 1805ರ ಒಂದು ಸಂಜೆಯ ಕೂಟದಿಂದ, ಫ್ರೆಂಚ್ ವಾಕ್ಯದಿಂದಲೇ ತೊಡಗುತ್ತದೆ. ನಿಜಾಮರ ಕಾಲದ ಕಚೇರಿಗಳ ಉರ್ದುವನ್ನು ಹಿರಿಯರ ಬಾಯಿಂದ ಕೇಳಿ ಬಲ್ಲ ನಮಗೆ, ಮೇಲಿನವರ ಭಾಷೆ ಒಂದು, ಹೊಲದವರ ಭಾಷೆ ಇನ್ನೊಂದು ಎಂಬುದು ಹೊಸ ಸುದ್ದಿಯಲ್ಲ. ಆದರೆ ರಷ್ಯನ್ ಶ್ರೀಮಂತರು ಆಡುತ್ತಿದ್ದುದು ತಮ್ಮ ಮೇಲೆ ದಂಡೆತ್ತಿ ಬರಲಿದ್ದ ನೆಪೋಲಿಯನ್ನನ ಭಾಷೆಯನ್ನು. 1812ರಲ್ಲಿ ಆತ ಬಂದೇ ಬಿಟ್ಟಾಗ ಮಾಸ್ಕೋದ ಒಂದು ಕೂಟದಲ್ಲಿ ಫ್ರೆಂಚ್ ನುಡಿದವರಿಗೆ ದಂಡ ವಿಧಿಸುವ ನಿಯಮ ಮಾಡುತ್ತಾರೆ, ಪಾಪ, ನಾಲಿಗೆ ಮಾತ್ರ ಕೇಳುವುದಿಲ್ಲ. ಆ ಪುಟಗಳನ್ನು ತಲುಪಿದಾಗ ಮೊದಲಿನ ಬೇಸರವೆಲ್ಲ ಸಾರ್ಥಕವೆನಿಸುತ್ತದೆ. ದೇ. ಜವರೇಗೌಡರ ಅನುವಾದವೂ ಓ.ಎಲ್. ನಾಗಭೂಷಣಸ್ವಾಮಿಯವರ ಅನುವಾದವೂ ಕನ್ನಡದಲ್ಲಿವೆ. ಎರಡರ ಮೊದಲ ಅಧ್ಯಾಯವನ್ನು ಗ್ರಂಥಾಲಯದಲ್ಲಿ ಕುಳಿತು ಹೋಲಿಸಿ, ನಿಮ್ಮ ಕಿವಿಗೆ ಒಗ್ಗಿದ್ದನ್ನು ಮನೆಗೆ ತನ್ನಿರಿ. ನಾಲ್ಕನೆಯ ಸಲವೂ ಆಗದಿದ್ದರೆ ಟಾಲ್‌ಸ್ಟಾಯ್ ಅವರದೇ ಇವಾನ್ ಇಲ್ಯೀಚನ ಸಾವಿನ ನೀಳ್ಗತೆಯನ್ನು ಓದಿರಿ, ಎರಡು ಸಂಜೆಗಳ ಕೆಲಸ.

ಪ್ರಶ್ನೆ: ಟಾಲ್‌ಸ್ಟಾಯ್ ದೊಡ್ಡವರೋ, ದಾಸ್ತೊಯೆವ್‌ಸ್ಕಿಯೋ? (ಯಾದಗಿರಿಯಿಂದ)

ಉತ್ತರ: ಅಳೆಯುವ ಕೋಲು ನನ್ನಲ್ಲಿಲ್ಲ, ರುಚಿ ಮಾತ್ರ ಇದೆ. ಇಪ್ಪತ್ತರಲ್ಲಿ ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು, ಅಂದರೆ ರಾಸ್ಕೋಲ್ನಿಕೊವ್‌ನ ಕತೆಯನ್ನು, ಏಪ್ರಿಲ್ ತಿಂಗಳ ಕಲಬುರಗಿಯ ಸೆಕೆಯಲ್ಲಿ, ಜ್ವರ ಬಂದವನಂತೆ ಓದಿದೆ. ಅದೂ ಬೇಸಿಗೆಯ ಉರಿಯಲ್ಲಿಯೇ ಆರಂಭವಾಗುವ ಕತೆ. ಈಗ ಅಷ್ಟು ಹೊತ್ತು ಕೂಗಾಡುವ ಜನರ ನಡುವೆ ಇರಲಾರೆ. ಟಾಲ್‌ಸ್ಟಾಯ್ ಕತೆ ನಿಲ್ಲಿಸಿ ಇತಿಹಾಸದ ಪಾಠ ಹೇಳತೊಡಗಿದಾಗ ಪುಟ ಹಾರಿಸುತ್ತೇನೆಂದು ಒಪ್ಪಿಕೊಳ್ಳುತ್ತೇನೆ. ಮರಳಿ ಮರಳಿ ಓದುವುದು ಚೆಕಾಫರನ್ನೇ.

ಪ್ರಶ್ನೆ: ಮಗ ಸತ್ತ ಗಾಡಿಯವನ ಕತೆಗೆ ಒಂದು ಸಂಕಲನದಲ್ಲಿ ‘ದುಃಖ’ ಎಂದೂ ಇನ್ನೊಂದರಲ್ಲಿ ‘ಸಂಕಟ’ ಎಂದೂ ಹೆಸರಿದೆ. ಯಾವುದು ಸರಿ? (ಕಲಬುರಗಿಯಿಂದ)

ಉತ್ತರ: ಚೆಕಾಫರು 1886ರಲ್ಲಿ ಬರೆದ ಆ ಕತೆಯ ರಷ್ಯನ್ ಹೆಸರು ‘ತಸ್ಕಾ’. ದುಃಖ, ಬೇಸರ, ಹಂಬಲ, ಒಳಗೊಳಗೆ ಕೊರೆಯುವ ಖಾಲಿತನ, ಎಲ್ಲವೂ ಸೇರಿದ ಪದ ಅದು; ಇಂಗ್ಲಿಷಿನಲ್ಲಿಯೂ ಅನುವಾದಕರು ಒಂದೇ ಹೆಸರಿಗೆ ನಿಂತಿಲ್ಲ. ಗಾಡಿಯವ ಇಯೋನಾನಿಗೆ ಬೇಕಾದದ್ದು ಸಾಂತ್ವನವೂ ಅಲ್ಲ. ಮಗನಿಗೆ ಜಡ್ಡು ಹೇಗೆ ಬಂತು, ಸಾಯುವ ಮೊದಲು ಏನು ಹೇಳಿದ, ಮಣ್ಣು ಹೇಗಾಯಿತು ಎಂಬುದನ್ನೆಲ್ಲ ಒಂದೊಂದಾಗಿ ಯಾರಿಗಾದರೂ ಹೇಳಿಕೊಳ್ಳಬೇಕಾಗಿದೆ, ಅಷ್ಟೆ. ಕೇಳುವವರು ಸಿಗದೆ ಕೊನೆಗೆ ಕುದುರೆಗೆ ಹೇಳುತ್ತಾನೆ. ‘ದುಃಖ’ ಇಲ್ಲಿ ತೀರ ಪುಸ್ತಕದ ಮಾತು, ‘ಸಂಕಟ’ ಹೊಟ್ಟೆನೋವಿಗೂ ಸಲ್ಲುವ ಮಾತು. ನನ್ನನ್ನು ಕೇಳಿದರೆ ನಮ್ಮ ಕಡೆಯ ‘ಹಳಹಳಿ’ ಎಂಬ ಹೆಸರಿಡುತ್ತಿದ್ದೆ. ಮೈಸೂರಿನ ಕಡೆಯ ಓದುಗರು ಅದಕ್ಕೆ ನಿಘಂಟು ತೆರೆಯಬೇಕಾಗಬಹುದು. ತೆರೆಯಲಿ, ಅವರ ಎಷ್ಟೋ ಪದಗಳಿಗೆ ನಾವೂ ತೆರೆದಿದ್ದೇವೆ.