ಪ್ರತಿಕ್ರಿಯೆ: ಬಿಳಿ ಗೆರೆ ಪತಂಗದ ಕೆಲಸವಲ್ಲ

ಮೂಲ್ಕಿ ಹತ್ತಿರದ ನಿಮ್ಮ ಗದ್ದೆಯಲ್ಲಿ ಭತ್ತದ ಎಲೆಗೆ ಬಿಳಿ ಗೆರೆ ಬಿದ್ದಿದೆ, ರಾತ್ರಿ ಲೈಟಿಗೆ ಹಳದಿ ಪತಂಗ ಬರುತ್ತಿದೆ, ಎರಡೂ ಒಂದೇ ಕೀಟದ್ದಾ ಎಂದು ಕೇಳಿದ್ದೀರಿ. ಅಲ್ಲ ಮಾರಾಯ್ರೆ, ಬೇರೆ ಬೇರೆ.

ಗೆರೆ ಹಿಸ್ಪಾ ದುಂಬಿಯದ್ದು. ಬಗ್ಗಿ ನೋಡಿ, ಸುಮಾರು 5 ಮಿ.ಮೀ. ಉದ್ದ, ನೀಲಿಗಪ್ಪು ಬಣ್ಣ, ಮೈತುಂಬ ಮುಳ್ಳು. ಎಲೆಯ ಹಸಿರನ್ನು ಉದ್ದುದ್ದಕ್ಕೆ ಕೆರೆದು ತಿನ್ನುತ್ತದೆ. ದುಂಬಿಯ ಮರಿಯೋ, ಎಲೆಯ ಎರಡು ಪದರಗಳ ನಡುವೆಯೇ ಇರುತ್ತದೆ. ಬಿಸಿಲಿಗೆ ಹಿಡಿದರೆ ಗುಳ್ಳೆಯೊಳಗೆ ಕಾಣುತ್ತದೆ.

ಹಳದಿ ಪತಂಗ ಕಾಂಡಕೊರಕದ್ದಿರಬೇಕು. ಮುಂದಿನ ರೆಕ್ಕೆಗೆ ಒಂದೊಂದು ಕಪ್ಪು ಚುಕ್ಕೆ ಇದ್ದರೆ ಹೆಣ್ಣೆಂದೇ ಲೆಕ್ಕ. ಪತಂಗ ಪೈರನ್ನು ಮುಟ್ಟುವುದಿಲ್ಲ, ಹಾಳು ಮಾಡುವುದು ಅದರ ಹುಳ. ಕಾಂಡದೊಳಗೆ ಹೊಕ್ಕಿತೆಂದರೆ ಸುಳಿ ಒಣಗುತ್ತದೆ, ಮೆಲ್ಲಗೆ ಎಳೆದರೆ ಕೈಗೇ ಬರುತ್ತದೆ. ತೆನೆ ಬರುವ ಹೊತ್ತಿಗೆ ಹೊಕ್ಕರೆ ಬಿಳಿ ತೆನೆ, ಬರೀ ಜೊಳ್ಳು. ನನಗಂತೂ ದುಂಬಿಗಿಂತ ಇದರದ್ದೇ ಹೆದರಿಕೆ. ಎಲೆ ಕೆರೆದ ಎಳೆ ಪೈರು ಎಷ್ಟೋ ಸಲ ಮತ್ತೆ ಚಿಗುರುತ್ತದೆ, ಬಿಳಿ ತೆನೆಗೆ ಕಾಳು ಕಟ್ಟಿಸುವವರು ಯಾರು?

ಮುಂದಿನ ಸಲ ನೇಜಿ (ಭತ್ತದ ಸಸಿ) ನೆಡುವ ಮೊದಲು ಎಲೆತುದಿ ಕತ್ತರಿಸಿ, ಗದ್ದೆಯಿಂದ ದೂರ ಹಾಕಿ. ದುಂಬಿ, ಪತಂಗ ಎರಡೂ ಎಲೆತುದಿಯ ಹತ್ತಿರವೇ ಮೊಟ್ಟೆ ಇಡುವುದರಿಂದ ಒಂದೇ ಕತ್ತರಿಗೆ ಎರಡೂ ಕಡಿಮೆಯಾಗುತ್ತವೆ. ಕೊಯ್ಲಾದ ಮೇಲೆ ಕೂಳೆ ಉಳುಮೆ ಮಾಡಿಬಿಡಿ, ಹುಳ ಅದರಲ್ಲೇ ಉಳಿದಿರುತ್ತದೆ. ಯೂರಿಯಾ ಜಾಸ್ತಿ ಸುರಿಯಬೇಡಿ. ಔಷಧಿ ಹೊಡೆಯುವ ಮೊದಲು ಒಣಗಿದ ನಾಲ್ಕು ಸುಳಿ, ನಾಲ್ಕು ಎಲೆ ಕಟ್ಟಿಕೊಂಡು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ತೋರಿಸಿ.