ಸಿರಾಮಿಕ್ ಗ್ರಿಲ್ಲಿನ ಗ್ಯಾಸ್ಕೆಟ್: ಮೊದಲ ಮುಚ್ಚಳ ನೋಡ್ರಿ

ಅಣ್ಣಾರ, ಇದ್ದಲಿ ಗ್ರಿಲ್ಲಿನ ಗ್ಯಾಸ್ಕೆಟ್ (ಮುಚ್ಚಳ, ಬುಡದ ನಡುವ ಸಂದು ಮುಚ್ಚೋ ಪಟ್ಟಿ) ಒಂದ ಕಡೆ ಸುಟ್ಟು ಹೊಗಿ ಸೋರಾಕತ್ತೈತಿ, ಹೊಸಾದು ಹೆಂಗ ಹಚ್ಚೋದು ಅಂತ ಕೇಳೀರಿ. ಒಂದ ಕಡೆ ಅಷ್ಟ ಸುಟ್ಟೈತಿ ಅಂದ್ರ ಮುಚ್ಚಳ ಸರಿಯಾಗಿ ಕುಂತಿಲ್ಲ ಅಂತ ನನಗ ಅನಸ್ತೈತಿ. ಗ್ರಿಲ್ ತಣ್ಣಗಿದ್ದಾಗ ಅಂಚಿಗೆ ರೊಕ್ಕದ ನೋಟಿಟ್ಟು ಮುಚ್ಚಿ ಎಳೀರಿ; ಸುತ್ತಲೂ ಒಂದ ಸಮ ಬಿಗಿ ಇರಬೇಕು. ಇಲ್ಲಂದ್ರ ಬ್ಯಾಂಡಿನ (ಮುಚ್ಚಳ ಸುತ್ತ ಹಿಡಿದಿರೋ ಲೋಹದ ಪಟ್ಟಿ) ನಟ್ ಸಡಲಿಸಿ, ಮುಚ್ಚಳ ಹೊಂದಿಸಿ ಬಿಗೀರಿ. ನಟ್ ಸಡಲ ಇದ್ದಾಗ ಮುಚ್ಚಳ ಎತ್ತಬ್ಯಾಡ್ರಿ, ಜಾರಿ ಬಿದ್ದು ಒಡೀತೈತಿ.

ಆಮ್ಯಾಲ ಹಳೇದನ್ನ ಕೆರೆದು, ಉಳಿದ ಅಂಟನ್ನ ಅಸಿಟೋನಿನಿಂದ ಒರಸ್ರಿ. ಹತ್ರ ಬೆಂಕಿ ಬ್ಯಾಡ. ಪೂರಾ ಒಣಗಿದ ಮ್ಯಾಲ ಹೊಸ ಪಟ್ಟಿ ಹಚ್ರಿ, ಆದ್ರ ಜಗ್ಗಬ್ಯಾಡ್ರಿ. ಜಗ್ಗಿದ್ರ ಆಮ್ಯಾಲ ಕುಗ್ಗಿ ಜೋಡಿನ್ಯಾಗ ಸಂದು ಬೀಳತೈತಿ. ಜೋರು ಬೆಂಕಿ ಮಾಡೋರಾದ್ರ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟಿ) ಪಟ್ಟಿಗಿಂತ ಫೈಬರ್‌ಗ್ಲಾಸ್ ಪಟ್ಟಿ ಚಲೋ. ಅಂಟಿಸಿ, ಮುಚ್ಚಿ, 24 ತಾಸು ಬಿಡ್ರಿ. ಬೆಳಗಾವ್ಯಾಗಿದ್ದೀರಿ ಅಂದ್ರಲ್ಲ, ಶಾಖ ತಾಳೋ ಅಂಟಿಗೆ ಅಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಾಗ ಕೇಳಿ ನೋಡ್ರಿ.